ಕ್ಯಾನಬಿಜೆರಾಲ್ (ಸಿಬಿಜಿ)

ಭಂಗಿ ಗಿಡದ ರಾಳದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡುಗಳಿವೆ. ಅವುಗಳಲ್ಲಿ ಎರಡರ ಹೆಸರು ಮಾತ್ರ ಜನರ ಬಾಯಲ್ಲಿದೆ. ಮತ್ತೇರಿಸುವ ಟಿಎಚ್‌ಸಿ ಪೊಲೀಸ್ ಸುದ್ದಿಗಳಿಂದ ಪರಿಚಯ, ಮತ್ತೇರಿಸದ ಸಿಬಿಡಿ ಔಷಧಿಯ ಜಾಹೀರಾತುಗಳಿಂದ. ಈ ಎರಡಕ್ಕೂ ಹಿಂದೆ ಇರುವುದು ಕ್ಯಾನಬಿಜೆರಾಲ್, ಚಿಕ್ಕದಾಗಿ ಸಿಬಿಜಿ. ಇದೂ ಮತ್ತೇರಿಸದು. ಗಿಡದೊಳಗೆ ಟಿಎಚ್‌ಸಿ, ಸಿಬಿಡಿ ಎರಡೂ ಹುಟ್ಟುವುದು ಇದರ ಆಮ್ಲರೂಪದಿಂದಲೇ. ಹಾಗಿದ್ದೂ ಬಲಿತ ಗಿಡದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಶೇ 1ರಷ್ಟೂ ಸಿಗುವುದಿಲ್ಲ.

ಗದಗ ಸೀಮೆಯಲ್ಲಿ ಈ ವಿಷಯ ಎತ್ತಿದರೆ ಮೊದಲು ಬಿಡಿಸಬೇಕಾದ ಗಂಟು ಹೆಸರಿನದು. ನಾರು ಕೊಡುವ ಗಿಡ ಯಾವುದೇ ಇರಲಿ, ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಅದಕ್ಕೊಂದು ‘ಹೆಂಪ್’ ಅಂಟಿಕೊಂಡಿತು. ಸೆಣಬು ‘ಸನ್ ಹೆಂಪ್’ ಆಯಿತು. ಪುಂಡಿ ‘ಡೆಕ್ಕನ್ ಹೆಂಪ್’ ಆಯಿತು. ಮಾಗಡಿ, ಲಕ್ಷ್ಮೇಶ್ವರ, ಮುಂಡರಗಿಯ ಮನೆಗಳಲ್ಲಿ ಜೋಳದ ನುಚ್ಚು ಹಾಕಿ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು, ರೊಟ್ಟಿ ಜೊತೆ ಉಣ್ಣುವ ಪುಂಡಿಪಲ್ಲೆಯ ಅದೇ ಪುಂಡಿ. ಎಳೆ ಎಲೆ ಅಡುಗೆಗೆ. ಬಲಿತ ಕಾಂಡ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ದನ ಕಟ್ಟುವ ಕಣ್ಣಿಗೆ, ಹಗ್ಗಕ್ಕೆ. ಸಸ್ಯಶಾಸ್ತ್ರ ಇದಕ್ಕಿಟ್ಟ ಹೆಸರು ಹಿಬಿಸ್ಕಸ್ ಕ್ಯಾನಬಿನಸ್, ಅಂದರೆ ಕ್ಯಾನಬಿಸ್‌ನಂಥ ಎಲೆಯ ದಾಸವಾಳ. ಹೆಸರು ನೋಡಿ ಯಾರಾದರೂ ಪುಂಡಿಯಲ್ಲಿ ಸಿಬಿಜಿ ಹುಡುಕಲು ಹೊರಟರೆ ಸಿಗುವುದು ಹುಳಿ ಮಾತ್ರ. ಸೆಣಬಿನದೂ ಅದೇ ಕತೆ. ಕ್ಯಾನಬಿನಾಯ್ಡು ಇರುವ ನಿಜವಾದ ಹೆಂಪ್ ಎಂದರೆ ಕ್ಯಾನಬಿಸ್ ಸಟೈವಾ, ಕನ್ನಡದ ಭಂಗಿ.

ಪುಂಡಿ, ಭಂಗಿ ಎರಡರ ಎಲೆಗಳನ್ನೂ ಪಕ್ಕಪಕ್ಕ ಇಟ್ಟರೆ ತಪ್ಪು ತಿಳಿಯುವುದು ಸಹಜವೇ ಅನಿಸುತ್ತದೆ. ಎರಡರದೂ ಬೆರಳು ಬಿಡಿಸಿದ ಅಂಗೈಯ ಆಕಾರ, ಅಂಚಿಗೆ ಗರಗಸದ ಹಲ್ಲು. ಆದರೆ ಪುಂಡಿ ಎಲೆ ಎಷ್ಟೇ ಆಳಕ್ಕೆ ಸೀಳಿದ್ದರೂ ಬುಡದಲ್ಲಿ ಒಂದೇ ಎಲೆ. ಭಂಗಿಯದು ತೊಟ್ಟಿನ ತುದಿಯಿಂದಲೇ ಐದೋ ಏಳೋ ಕಿರುಎಲೆಗಳಾಗಿ ಬೇರೆಯಾಗಿರುತ್ತದೆ. ಪುಂಡಿ ಎಲೆ ಮಗುಚಿದರೆ ನಡುನರದ ಬುಡದಲ್ಲಿ ಸಣ್ಣದೊಂದು ಜೇನುಗ್ರಂಥಿ ಕಾಣುತ್ತದೆ, ಭಂಗಿಗೆ ಅದಿಲ್ಲ. ಹೂವಿನ ಕಾಲಕ್ಕಂತೂ ಸಂಶಯವೇ ಉಳಿಯುವುದಿಲ್ಲ. ಪುಂಡಿ ನಡುವೆ ಕಡುಗೆಂಪು ಬೊಟ್ಟಿಟ್ಟ ತಿಳಿಹಳದಿ ಹೂ ಬಿಡುತ್ತದೆ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಾಳಿಗೆ ಪರಾಗ ತೂರುವ ಗಿಡವಾದ್ದರಿಂದ ಹೂವಿಗೆ ಬಣ್ಣದ ಹಂಗಿಲ್ಲ, ಹಸಿರು ಗೊಂಚಲು ಅಷ್ಟೆ. ಹೆಣ್ಣು ಗಿಡದ ಆ ಗೊಂಚಲನ್ನು ಬೆರಳಲ್ಲಿ ತಿಕ್ಕಿದರೆ ಕೈಗೆ ಅಂಟು ಹತ್ತುತ್ತದೆ. ಸಿಬಿಜಿ ಇರುವುದು ಆ ಅಂಟಿನಲ್ಲಿ.

ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹಬ್ಬಿಕೊಂಡಿದೆ. ಆದರೆ ಭಂಗಿ ಕಳೆಯ ಹಾಗೆ ತಾನಾಗಿ ಬೆಳೆಯುವುದು ದೂರದ ಹಿಮಾಲಯದ ತಪ್ಪಲಿನಲ್ಲಿ. ಅದರ ತವರು ಇನ್ನೂ ಆಚೆ. ಜಾನ್ ಮೆಕ್‌ಪಾರ್ಟ್‌ಲಂಡ್ ಮತ್ತು ಸಂಗಡಿಗರು 2019ರಲ್ಲಿ ಪಳೆಯುಳಿಕೆ ಪರಾಗದ ದಾಖಲೆಗಳನ್ನೆಲ್ಲ ಒಟ್ಟುಹಾಕಿ, ಈ ಕುಲ ಸುಮಾರು 2.8 ಕೋಟಿ ವರ್ಷಗಳ ಹಿಂದೆ ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿನಲ್ಲಿ, ಚಿಂಗ್‌ಹಾಯ್ ಸರೋವರದ ಆಸುಪಾಸಿನಲ್ಲಿ ಕವಲೊಡೆದಿರಬೇಕು ಎಂದು ಅಂದಾಜಿಸಿದರು. ಪಕ್ಷಿಗಳನ್ನು ಬಲ್ಲವರಿಗೆ ಆ ಸರೋವರ ಇನ್ನೊಂದು ಕಾರಣಕ್ಕೆ ಗೊತ್ತು. ಪಟ್ಟೆತಲೆ ಹೆಬ್ಬಾತುಗಳು ಮೊಟ್ಟೆಯಿಟ್ಟು ಮರಿ ಮಾಡುವ ದೊಡ್ಡ ನೆಲೆಗಳಲ್ಲಿ ಅದೂ ಒಂದು. ಪ್ರತಿ ಚಳಿಗಾಲ ಹಿಮಾಲಯ ದಾಟಿ ಬಂದು ಮಾಗಡಿ ಕೆರೆಯಲ್ಲಿ ಸಾವಿರಗಟ್ಟಲೆ ಇಳಿಯುವವು ಇದೇ ಜಾತಿಯ ಹಕ್ಕಿಗಳು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, ಸುಮಾರು 54 ಹೆಕ್ಟೇರಿನ ಆ ಕೆರೆಗೂ ಭಂಗಿಗೂ ನೇರ ನಂಟೇನಿಲ್ಲ. ಆದರೂ ಗಿಡದ ತವರು ಎಷ್ಟು ದೂರ ಎಂದು ಮಾಗಡಿಯವರಿಗೆ ಹೇಳಬೇಕಾದರೆ ಹೆಬ್ಬಾತನ್ನು ತೋರಿಸಿದರೆ ಸಾಕು.

ಇನ್ನು ರಸಾಯನಶಾಸ್ತ್ರ. ಹೆಣ್ಣು ಹೂಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನ ತಲೆಯ ಗುಂಡುಸೂಜಿಗಳನ್ನು ಒತ್ತೊತ್ತಾಗಿ ಚುಚ್ಚಿಟ್ಟ ಹಾಗೆ ಕಾಣುತ್ತದೆ. ಇವು ರಾಳದ ಗ್ರಂಥಿಗಳು. ಆ ಪುಟ್ಟ ತಲೆಗಳೊಳಗೆ ಒಲಿವೆಟಾಲಿಕ್ ಆಮ್ಲ, ಜೆರಾನಿಲ್ ಪೈರೋಫಾಸ್ಫೇಟ್ ಎಂಬ ಎರಡು ಪದಾರ್ಥಗಳು ಕೂಡಿ ಕ್ಯಾನಬಿಜೆರಾಲಿಕ್ ಆಮ್ಲ, ಅಂದರೆ ಸಿಬಿಜಿಎ, ತಯಾರಾಗುತ್ತದೆ. ಹೆಸರಿನಲ್ಲಿರುವ ‘ಜೆರ್’ ಬಂದದ್ದು ಆ ಜೆರಾನಿಲ್‌ನಿಂದ, ಅದಕ್ಕೆ ಹೆಸರು ಜೆರೇನಿಯಂ ಹೂವಿನಿಂದ. ಈ ಸಿಬಿಜಿಎ ಹಾಲಿದ್ದಂತೆ. ಗಿಡದ ಬಳಿ ಮೂರು ಬಗೆಯ ಹೆಪ್ಪು ಇದೆ, ಮೂರು ಕಿಣ್ವಗಳು. ಒಂದು ಅದನ್ನು ಟಿಎಚ್‌ಸಿಯ ಆಮ್ಲವಾಗಿಸುತ್ತದೆ, ಇನ್ನೊಂದು ಸಿಬಿಡಿಯ ಆಮ್ಲವಾಗಿಸುತ್ತದೆ, ಮತ್ತೊಂದು ಸಿಬಿಸಿ ಎಂಬುದರ ಆಮ್ಲವಾಗಿಸುತ್ತದೆ. ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಗಡಿಗೆಯಲ್ಲಿ ಹಾಲಾಗಿ ಉಳಿದಿರುವುದಿಲ್ಲವಲ್ಲ, ಹೂ ಬಲಿಯುವ ಹೊತ್ತಿಗೆ ಸಿಬಿಜಿಎ ಕೂಡ ಹಾಗೆಯೇ. ಕರಗದೆ ಉಳಿದ ಚೂರುಪಾರು ಬಿಸಿ ತಾಗಿಯೋ ಹಳತಾಗಿಯೋ ಆಮ್ಲದ ತುಣುಕು ಕಳೆದುಕೊಂಡಾಗ ಅದಕ್ಕೆ ಸಿಬಿಜಿ ಎಂದು ಹೆಸರು.

ಪರಮಾಣುಗಳನ್ನು ಎಣಿಸಿದರೆ ವ್ಯತ್ಯಾಸ ಚಿಕ್ಕದು. ಸಿಬಿಜಿ, ಸಿಬಿಡಿ, ಟಿಎಚ್‌ಸಿ ಮೂರರಲ್ಲೂ 21 ಇಂಗಾಲ, 2 ಆಮ್ಲಜನಕ. ಜಲಜನಕ ಮಾತ್ರ ಸಿಬಿಜಿಯಲ್ಲಿ 32, ಉಳಿದೆರಡರಲ್ಲಿ 30. ಸಿಬಿಜಿಯ ಬಾಲ ಸಡಿಲವಾಗಿ ಚಾಚಿಕೊಂಡಿರುತ್ತದೆ. ಅದು ಒಂದು ಸುತ್ತು ಉಂಗುರವಾದರೆ ಸಿಬಿಡಿ, ಇನ್ನೊಂದು ಉಂಗುರವೂ ಕಟ್ಟಿಕೊಂಡರೆ ಟಿಎಚ್‌ಸಿ. ಆ ಕೊನೆಯ ಉಂಗುರದಲ್ಲಿ ಅಮಲಿದೆ. ಕಾನೂನಿನ ತಲೆನೋವೂ ಅಲ್ಲೇ ಇದೆ.

ಹೆಪ್ಪೇ ಕೆಟ್ಟ ಗಿಡಗಳೂ ಇವೆ. ಕಿಣ್ವದ ವಂಶವಾಹಿಯಲ್ಲಿ ದೋಷವಿದ್ದರೆ ಸಿಬಿಜಿಎ ಮುಂದಕ್ಕೆ ಹೋಗದೆ ಹಾಗೆಯೇ ಉಳಿಯುತ್ತದೆ. ಫ್ರಾನ್ಸಿನ ನಾರಿನ ತಳಿಗಳಲ್ಲಿ ಇಂಥವನ್ನು ಗುರುತಿಸಿ 1987ರಲ್ಲಿ ಪ್ರಕಟಿಸಲಾಯಿತು. ‘ಸ್ಯಾಂಟಿಕಾ’ ಎಂಬ ತಳಿ ಬಂದದ್ದು ಈ ದಾರಿಯಲ್ಲಿ. ಮೂಲ ಉದ್ದೇಶ ಔಷಧಿಯಲ್ಲ. ಟಿಎಚ್‌ಸಿ ಇಲ್ಲದ ಗಿಡವಾದರೆ ನಾರಿನ ರೈತನಿಗೆ ಪೊಲೀಸರ ಕಾಟ ತಪ್ಪುತ್ತದೆ ಎಂಬುದಷ್ಟೆ. ಇಂದು ಸಿಬಿಜಿ ಎಣ್ಣೆ ಮಾರುವ ಉದ್ಯಮ ನಿಂತಿರುವುದು ಇಂಥ ತಳಿಗಳ ಮೇಲೆ.

ಸಿಬಿಜಿಯನ್ನು ಬೇರ್ಪಡಿಸಿದ್ದು 1964ರಲ್ಲಿ, ಇಸ್ರೇಲಿನ ರೆಹೋವೋತ್‌ನಲ್ಲಿರುವ ವೈಜ್‌ಮನ್ ಸಂಸ್ಥೆಯಲ್ಲಿ. ಅದನ್ನು ಬೇರ್ಪಡಿಸಿದ ಯೆಹಿಯೆಲ್ ಗಾವೋನಿ, ರಫಾಯೆಲ್ ಮೆಶೂಲಮ್ ಅದೇ ವರ್ಷ ಟಿಎಚ್‌ಸಿಯ ರಚನೆಯನ್ನೂ ಬಿಡಿಸಿದ್ದರು. ಹಾಗಾಗಿ ಹೆಸರೆಲ್ಲ ಅದರ ಪಾಲಾಯಿತು. ಮೆಶೂಲಮ್ ಪೊಲೀಸರಿಂದ ಪಡೆದ 5 ಕಿಲೋ ಲೆಬನಾನಿ ಹಶೀಶನ್ನು ಬಸ್ಸಿನಲ್ಲಿ ಹೊತ್ತು ತಂದದ್ದು, ವಾಸನೆ ಬಸ್ಸಿಗೆಲ್ಲ ಹಬ್ಬಿದ್ದು ಅವರೇ ಹಲವು ಸಲ ಹೇಳಿಕೊಂಡ ಪ್ರಸಂಗ. 1992ರಲ್ಲಿ ಅವರ ತಂಡ ಮನುಷ್ಯನ ಮೈಯಲ್ಲೇ ತಯಾರಾಗುವ ಕ್ಯಾನಬಿನಾಯ್ಡಿನಂಥ ಪದಾರ್ಥವನ್ನು ಕಂಡುಹಿಡಿದು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟಿತು. ಆ ‘ಆನಂದ’ ನಮ್ಮದೇ, ಸಂಸ್ಕೃತದ್ದು.

ದೇಹದಲ್ಲಿ ಸಿಬಿಜಿ ಕೈಯಾಡಿಸುವ ಜಾಗಗಳು ಅನೇಕ. ಟಿಎಚ್‌ಸಿ ಮಿದುಳಿನ ಸಿಬಿ-1 ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಿಬಿಜಿಯ ಹಿಡಿತ ಅಲ್ಲಿ ದುರ್ಬಲ. ಅಮಲು ಬರದಿರುವುದು ಇದರಿಂದ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದು ಅನಿರೀಕ್ಷಿತ ಸಂಗತಿ ತೋರಿಸಿತು. ರಕ್ತದೊತ್ತಡ ಇಳಿಸುವ ಹಳೆಯ ಔಷಧಿ ಕ್ಲೋನಿಡಿನ್ ಕೆಲಸ ಮಾಡುವ ಆಲ್ಫಾ-2 ಗ್ರಾಹಕವನ್ನು ಸಿಬಿಜಿ ಬಹಳ ಕಡಿಮೆ ಪ್ರಮಾಣದಲ್ಲೇ ಎಚ್ಚರಿಸುತ್ತದೆ. ಸಿರೊಟೋನಿನ್‌ನ ಒಂದು ಗ್ರಾಹಕಕ್ಕೆ ತಡೆಯೊಡ್ಡುತ್ತದೆ. ಬಿಪಿ ಗುಳಿಗೆ ನುಂಗುವವರು ‘ಗಿಡದ್ದೇ ಅಲ್ಲವೇ’ ಎಂದುಕೊಂಡು ಈ ಎಣ್ಣೆಗೆ ಕೈ ಹಾಕಬಾರದು ಎನ್ನಲು ಇಷ್ಟು ಸಾಕು.

ಔಷಧಿಯಾಗಿ ಸಿಬಿಜಿಯ ಬಗ್ಗೆ ಹೆಚ್ಚು ಆಸೆ ಹುಟ್ಟಿಸಿರುವುದು ಕರುಳು. ಇಟಲಿಯ ನೇಪಲ್ಸ್‌ನ ಫ್ರಾನ್ಚೆಸ್ಕಾ ಬೊರೆಲ್ಲಿ ಮತ್ತು ತಂಡ 2013ರಲ್ಲಿ, ದೊಡ್ಡಕರುಳಿನ ಉರಿಯೂತ ಬರಿಸಿದ ಇಲಿಗಳಿಗೆ ಸಿಬಿಜಿ ಕೊಟ್ಟು ಉರಿಯೂತ ತಗ್ಗಿದ್ದನ್ನು ದಾಖಲಿಸಿತು. ಮರುವರ್ಷ ಅದೇ ಬಳಗ ಇಲಿಗಳ ಕರುಳಿನ ಗಡ್ಡೆಗಳ ಬೆಳವಣಿಗೆ ನಿಧಾನವಾದದ್ದನ್ನೂ ವರದಿ ಮಾಡಿತು. ಆಯುರ್ವೇದ ಓದಿದವರಿಗೆ ಇಲ್ಲಿ ಹಳೆಯದೊಂದು ನೆನಪಾಗದೆ ಇರದು. ಅಲ್ಲಿ ಭಂಗಿಯ ಹೆಸರು ವಿಜಯಾ. ಗ್ರಹಣಿ, ಅತಿಸಾರಗಳಿಗೆ ಹೇಳಿದ ಜಾತೀಫಲಾದಿ ಚೂರ್ಣದಲ್ಲಿ ಜಾಜಿಕಾಯಿ, ಲವಂಗ, ಏಲಕ್ಕಿಗಳ ಜೊತೆ ವಿಜಯಾ ಕೂಡ ಸೇರಿದೆ. ಇದನ್ನು ಹಿಡಿದು ‘ಸಿಬಿಜಿ ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು’ ಎಂದು ಎದೆ ತಟ್ಟಿಕೊಂಡರೆ ಅದು ಹುಸಿ ಹೆಮ್ಮೆ. ಚೂರ್ಣದ ಗುಣ ಇಡೀ ಎಲೆಯದು, ಜೊತೆಗಿರುವ ಮಸಾಲೆಗಳದು. ಇಟಲಿಯ ಇಲಿಗೆ ಕೊಟ್ಟದ್ದು ಶುದ್ಧೀಕರಿಸಿದ ಒಂದೇ ಅಣು. ಒಂದನ್ನು ತೋರಿಸಿ ಇನ್ನೊಂದನ್ನು ಸಾಬೀತು ಮಾಡಲಾಗದು. ಹೊಟ್ಟೆಯ ಕಾಯಿಲೆಗೆ ಭಂಗಿ ಎಂಬ ದಾರಿಯಲ್ಲಿ ಎರಡೂ ಶಾಸ್ತ್ರಗಳು ಬೇರೆ ಬೇರೆ ಕಾಲದಲ್ಲಿ ನಡೆದಿವೆ ಎಂಬುದಷ್ಟು ನಿಜ.

ಎರಡನೆಯದು ಸೂಕ್ಷ್ಮಾಣು. ಮಾಮೂಲಿ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಬ್ಯಾಕ್ಟೀರಿಯಾ ಆಸ್ಪತ್ರೆಗಳ ಹಳೆಯ ಪೀಡೆ. ಸಿಬಿಜಿ ಸೇರಿದಂತೆ ಐದು ಕ್ಯಾನಬಿನಾಯ್ಡುಗಳು ಇದನ್ನು ಕೊಲ್ಲಬಲ್ಲವು ಎಂದು 2008ರಲ್ಲಿ ಇಟಲಿಯ ಜೊವಾನಿ ಅಪೆಂಡಿನೋ ಮತ್ತು ಸಂಗಡಿಗರು ತೋರಿಸಿದರು. 2020ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಎರಿಕ್ ಬ್ರೌನ್ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಿಬಿಜಿ ಬ್ಯಾಕ್ಟೀರಿಯಾದ ಒಳಪೊರೆಯನ್ನೇ ಹರಿಯುತ್ತದೆ, ಸೋಂಕು ತಗುಲಿದ ಇಲಿಗಳಲ್ಲೂ ಕೆಲಸ ಮಾಡುತ್ತದೆ ಎಂದು ಕಂಡುಬಂತು. ಹೊರಗೊಂದು ಹೆಚ್ಚಿನ ಪೊರೆ ಹೊದ್ದ ಗ್ರಾಮ್-ನೆಗೆಟಿವ್ ಜಾತಿಗಳ ಮೇಲೆ ಅದರ ಆಟ ನಡೆಯಲಿಲ್ಲ. ಪಾಲಿಮಿಕ್ಸಿನ್-ಬಿ ಜೊತೆ ಕೊಟ್ಟಾಗ ಮಾತ್ರ ನಡೆಯಿತು. ಇಲಿಗಳಿಗೆ ಕೊಟ್ಟ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಗ್ರಾಂ. 60 ಕಿಲೋ ಮನುಷ್ಯನಿಗೆ ನೇರ ಗುಣಿಸಿದರೆ 6 ಗ್ರಾಂ. ಔಷಧಶಾಸ್ತ್ರದಲ್ಲಿ ಹಾಗೆ ನೇರವಾಗಿ ಗುಣಿಸುವ ಪದ್ಧತಿಯಿಲ್ಲ, ನಿಜ. ಆದರೂ ಹನಿ ಲೆಕ್ಕದಲ್ಲಿ ಮಾರುವ ಸೀಸೆಗೂ ಪ್ರಯೋಗಾಲಯಕ್ಕೂ ನಡುವಿನ ದೂರ ಇದರಿಂದ ಅರಿವಾಗುತ್ತದೆ.

ನರರೋಗ, ಹಸಿವು, ಕಣ್ಣು ಈ ಮೂರರ ಬಗ್ಗೆಯೂ ಪ್ರಾಣಿಗಳ ಮೇಲಿನ ಅಧ್ಯಯನಗಳಿವೆ. 2015ರಲ್ಲಿ ಸ್ಪೇನಿನ ಸಂಶೋಧಕರು ಹಂಟಿಂಗ್‌ಟನ್ ಕಾಯಿಲೆಯ ಮಾದರಿಯ ಇಲಿಗಳಲ್ಲಿ ನರಕೋಶಗಳಿಗೆ ರಕ್ಷಣೆ ಕಂಡರು. 2016ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಸಿಬಿಜಿ ಪಡೆದ ಇಲಿಗಳು ಹೊಟ್ಟೆ ತುಂಬಿದ್ದರೂ ಹೆಚ್ಚು ತಿಂದವು. ಬೆಕ್ಕುಗಳ ಕಣ್ಣಿನ ಒತ್ತಡ ಇಳಿದ ವರದಿ 1990ರದು. ಎಲ್ಲವೂ ಅನುಕೂಲಕರ ಸುದ್ದಿಯೇನಲ್ಲ. ಫಿಟ್ಸ್‌ಗೆ ಇದು ಉಪಯೋಗವಾದೀತೆಂದು ಇಲಿಗಳಲ್ಲಿ ಪರೀಕ್ಷಿಸಿದಾಗ ಸಿಬಿಜಿ ಸೆಳವನ್ನು ತಡೆಯಲಿಲ್ಲ. ಅದರ ಆಮ್ಲರೂಪ ಸಿಬಿಜಿಎ 2021ರ ಸಿಡ್ನಿ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಜ್ವರದಿಂದ ಬರುವ ಸೆಳವನ್ನು ತಗ್ಗಿಸಿತು, ಆದರೆ ಬೇರೆ ಬಗೆಯ ಸೆಳವಿನಲ್ಲಿ ಅದನ್ನು ಹೆಚ್ಚಿಸುವ ಲಕ್ಷಣವನ್ನೂ ತೋರಿತು.

ಮನುಷ್ಯರ ಮೇಲೆ? ಇಲ್ಲಿ ದಾಖಲೆ ತೆಳ್ಳಗಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಸಿಬಿಜಿ ಹೆಚ್ಚಿರುವ ಭಂಗಿ ಬಳಸುವ 127 ಜನರನ್ನು ಕೇಳಿದಾಗ ಆತಂಕ, ದೀರ್ಘಕಾಲದ ನೋವು, ಖಿನ್ನತೆ, ನಿದ್ರಾಹೀನತೆಗೆ ತೆಗೆದುಕೊಳ್ಳುತ್ತೇವೆ ಎಂದರು. ಗುಣವಿದೆ ಎಂದವರೇ ಹೆಚ್ಚು. ದುಡ್ಡು ಕೊಟ್ಟು ಕೊಂಡವರನ್ನು ಮಾತ್ರ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರವೂ ಅದೇ. ಇದಕ್ಕಿಂತ ಗಟ್ಟಿಯಾದದ್ದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾರಿ ಕಟ್ಲರ್ ಮತ್ತು ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗ. 34 ಆರೋಗ್ಯವಂತರು ತಮ್ಮ ಮನೆಯಲ್ಲೇ ಕೂತು, ಝೂಮ್ ಕರೆಯಲ್ಲಿ ಸಂಶೋಧಕರ ಎದುರಿಗೇ ಒಂದು ದಿನ 20 ಮಿಲಿಗ್ರಾಂ ಸಿಬಿಜಿ, ಇನ್ನೊಂದು ದಿನ ಅದೇ ರುಚಿಯ ಪೊಳ್ಳು ದ್ರವ ಕುಡಿದರು. ಯಾವ ದಿನ ಯಾವುದು ಎಂದು ಕುಡಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಸಿಬಿಜಿಯ ದಿನ ಆತಂಕ ಕಡಿಮೆಯಾಯಿತು, ಅಮಲೇರಲಿಲ್ಲ. ಪದಗಳ ಪಟ್ಟಿ ಓದಿಸಿ ಮತ್ತೆ ಹೇಳಿಸಿದಾಗ ನೆನಪು ಕೆಡುವ ಬದಲು ಸುಧಾರಿಸಿತ್ತು. ಸಂಶೋಧಕರಿಗೂ ಅದು ಅಚ್ಚರಿ. ಆದರೆ ಅವರೆಲ್ಲ ಮೊದಲೇ ಭಂಗಿ ಬಳಸುತ್ತಿದ್ದವರು, ಕುಡಿದದ್ದು ಒಂದೇ ಸಲ, ಯಾರೂ ರೋಗಿಗಳಲ್ಲ. ಸಿಬಿಡಿಯ ದಾರಿ ನೋಡಿದರೆ ಇದು ಎಷ್ಟು ಮೊದಲ ಮೆಟ್ಟಿಲು ಎಂಬುದು ತಿಳಿಯುತ್ತದೆ. ಮಕ್ಕಳಿಗೆ ಬರುವ ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಉಗ್ರ ಅಪಸ್ಮಾರಗಳಲ್ಲಿ ನೂರಾರು ರೋಗಿಗಳ ಮೇಲೆ ಪರೀಕ್ಷೆ ನಡೆದ ಬಳಿಕವೇ 2018ರ ಜೂನ್‌ನಲ್ಲಿ ಸಿಬಿಡಿಯ ಎಪಿಡಿಯೊಲೆಕ್ಸ್ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸಿಬಿಜಿಗೆ ಅಂಥ ಒಪ್ಪಿಗೆ ಯಾವ ಕಾಯಿಲೆಗೂ ಸಿಕ್ಕಿಲ್ಲ.

ಕರ್ನಾಟಕದಲ್ಲಿ ಭಂಗಿಯ ಬಳಕೆಗೆ ಹಲವು ಮುಖ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಸಂಗತಿ 2020ರಲ್ಲಿ, ಚಿತ್ರರಂಗದ ಮಾದಕವಸ್ತು ಪ್ರಕರಣದ ಗದ್ದಲದ ನಡುವೆ, ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಉತ್ತರ ಕರ್ನಾಟಕದ ಅವಧೂತ, ಆರೂಢ ಪರಂಪರೆಯ ಕೆಲವೆಡೆ ಚಿಲುಮೆ ಸೇದುವುದು ಸಾಧನೆಯ ಭಾಗ. ಅದೇ 2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಹೆಂಪ್‌ಕ್ಯಾನ್ ಸಲ್ಯೂಷನ್ಸ್ ಎಂಬ ಸಂಸ್ಥೆ ಭಂಗಿ ಎಲೆಯ ಆಯುರ್ವೇದ ಔಷಧಿಗಳಿಗೆಂದೇ ಚಿಕಿತ್ಸಾಲಯ ತೆರೆದದ್ದೂ ಸುದ್ದಿಯಾಗಿತ್ತು.

ಇವೆಲ್ಲ ಒಂದೇ ನಾಡಿನಲ್ಲಿ ಹೇಗೆ ಸಾಧ್ಯ ಎಂದರೆ 1985ರ ಮಾದಕವಸ್ತು ಕಾಯ್ದೆಯನ್ನು, ಅಂದರೆ ಎನ್‌ಡಿಪಿಎಸ್ ಕಾಯ್ದೆಯನ್ನು ನೋಡಬೇಕು. ಅದರ ವ್ಯಾಖ್ಯೆ ಗಿಡವನ್ನು ಅಣುಗಳಾಗಿ ನೋಡುವುದಿಲ್ಲ, ಅಂಗಗಳಾಗಿ ನೋಡುತ್ತದೆ. ರಾಳ ಚರಸ್, ಹೂವಿನ ತುದಿ ಗಾಂಜಾ, ಎರಡೂ ನಿಷಿದ್ಧ. ಹೂವಿಲ್ಲದ ಎಲೆ, ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಇದೇ ಆಧಾರದ ಮೇಲೆ 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನಲ್ಲಿ 29 ಕಿಲೋ ಭಾಂಗ್‌ನೊಂದಿಗೆ, ಅಂದರೆ ಎಲೆಯಿಂದ ಮಾಡಿದ ಪದಾರ್ಥದೊಂದಿಗೆ, ಸಿಕ್ಕಿದ್ದ ಆರೋಪಿಗೆ ಜಾಮೀನು ಕೊಡುತ್ತ, ಭಾಂಗ್ ಈ ಕಾಯ್ದೆಯಲ್ಲಿ ನಿಷಿದ್ಧ ಪದಾರ್ಥವೆಂದು ಎಲ್ಲೂ ಹೇಳಿಲ್ಲ ಎಂದಿತು. ಎಲೆಯ ಔಷಧಿ ನಡೆಯುವುದು ಈ ಸಂದಿನಲ್ಲಿ. ಹತ್ತಿಯ ಸಾಲು, ಗೋವಿನಜೋಳದ ಸಾಲುಗಳ ನಡುವೆ ಗುಟ್ಟಾಗಿ ಬೆಳೆದು ಸಿಕ್ಕಿಬೀಳುವ ಗಿಡಗಳದು ಬೇರೆ ಲೆಕ್ಕ. ಅಲ್ಲಿ 1 ಕಿಲೋ ಗಾಂಜಾ ‘ಸಣ್ಣ ಪ್ರಮಾಣ’ದ ಗಡಿ, 20 ಕಿಲೋ ‘ವಾಣಿಜ್ಯ ಪ್ರಮಾಣ’ದ ಗಡಿ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಆ ದಾರಿ ಮೊದಲು ಹಿಡಿದದ್ದು ಉತ್ತರಾಖಂಡ. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಭಂಗಿ ಬೀಜ, ಬೀಜದೆಣ್ಣೆ, ಬೀಜದ ಹಿಟ್ಟನ್ನು ಆಹಾರವೆಂದು ಒಪ್ಪಿತು. ಆದರೆ ಬೀಜದಲ್ಲಿ ರಾಳಗ್ರಂಥಿಗಳಿಲ್ಲ. ‘ಹೆಂಪ್ ಸೀಡ್ ಆಯಿಲ್’ ಕುಡಿದು ಸಿಬಿಜಿಯ ಗುಣ ಬಯಸುವುದು ಕುಸುಬಿ ಎಣ್ಣೆಯಲ್ಲಿ ಕುಸುಬಿ ಹೂವಿನ ಬಣ್ಣ ಹುಡುಕಿದಂತೆ.

ಗದಗ-ಬೆಟಗೇರಿಯಲ್ಲಿ ಇದನ್ನು ಓದುವ ಕುಸ್ತಿಪಟು, ಸೈಕ್ಲಿಸ್ಟ್, ಹಾಕಿ ಆಟಗಾರರಿಗೆ ಒಂದು ಮಾತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2018ರಿಂದ ಸಿಬಿಡಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಉಳಿದ ಕ್ಯಾನಬಿನಾಯ್ಡುಗಳೆಲ್ಲ ಸ್ಪರ್ಧೆಯ ವೇಳೆ ನಿಷಿದ್ಧ, ಸಿಬಿಜಿ ಕೂಡ. ಮೈಕೈ ನೋವಿಗೆಂದು ನಾಲಿಗೆ ಕೆಳಗೆ ಬಿಟ್ಟುಕೊಂಡ ನಾಲ್ಕು ಹನಿ ಪದಕಕ್ಕೆ ಮುಳುವಾದೀತು.

ಸಿಬಿಜಿಗೆ ಭಂಗಿ ಗಿಡವೇ ಬೇಕೆಂದೂ ಇಲ್ಲ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಜೇ ಕೀಸ್ಲಿಂಗ್ ತಂಡ ಭಂಗಿಯ ವಂಶವಾಹಿಗಳನ್ನು ಬ್ರೆಡ್ ಹುದುಗಿಸುವ ಯೀಸ್ಟಿಗೆ ಸೇರಿಸಿ, ಸಕ್ಕರೆ ಉಣಿಸಿ ಸಿಬಿಜಿಎ ತಯಾರಿಸಿದ್ದನ್ನು 2019ರಲ್ಲಿ ಪ್ರಕಟಿಸಿತು. ಅದಕ್ಕಿಂತ ಸ್ವಾರಸ್ಯದ್ದು ದಕ್ಷಿಣ ಆಫ್ರಿಕಾದ ಹೆಲಿಕ್ರೈಸಮ್ ಅಂಬ್ರಾಕ್ಯುಲಿಜೆರಮ್ ಎಂಬ ಗಿಡ. ಉಣ್ಣೆಯಂಥ ಎಲೆ, ಕೊಡೆ ಬಿಚ್ಚಿದಂಥ ಹಳದಿ ಹೂಗೊಂಚಲು. ಸೂರ್ಯಕಾಂತಿಯ ಕುಟುಂಬದ್ದು, ಭಂಗಿಗೆ ಯಾವ ಹತ್ತಿರದ ನೆಂಟಸ್ತಿಕೆಯೂ ಇಲ್ಲ. ಅದರಲ್ಲಿ ಸಿಬಿಜಿ ಇದೆಯೆಂದು ಜರ್ಮನಿಯ ರಸಾಯನಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದರು. 2023ರಲ್ಲಿ ವೈಜ್‌ಮನ್ ಸಂಸ್ಥೆಯವರೇ ಮತ್ತೆ ಆ ಗಿಡವನ್ನು ಕೈಗೆತ್ತಿಕೊಂಡು, ಭಂಗಿಯ ಹೆಜ್ಜೆಗಳನ್ನೇ ಅದು ತನ್ನದೇ ಬೇರೆ ಕಿಣ್ವಗಳಿಂದ ನಡೆಯುತ್ತದೆ ಎಂದು ಬಿಡಿಸಿ ತೋರಿಸಿದರು. ಟಿಎಚ್‌ಸಿಯ ಉಂಗುರ ಕಟ್ಟುವ ಹೆಪ್ಪು ಮಾತ್ರ ಅದರ ಬಳಿ ಇಲ್ಲ. ಹೂವಿಗಿಂತ ಹೆಚ್ಚಾಗಿ ಎಲೆಯಲ್ಲೇ ಸಿಬಿಜಿಎ ಕೂಡಿಡುವ ಆ ಗಿಡದ ಹೆಸರು ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕಾಣಿಸಿಕೊಂಡಿಲ್ಲ.